ಆ ಡಬ್ಬ ಕೀಳಿಸಬೇಡ ಮಗೂ

ಮೊನ್ನೆ ಭಾನುವಾರ ಫ್ರೀಮಾಂಟಿನಲ್ಲಿ ಆ ಹಳೇ ಕಾರ್ವೆಟ್ ಕಾರು ನೋಡಲು ಹೋದಾಗ ನಾನು ಹೆಚ್ಚು ಮಾತಾಡಲಿಲ್ಲ. ಮಾರುವವನ ಮನೆಮುಂದೆ ನಿಂತು ಅವನ ಗಾಡಿಯ ಹುಳುಕು ಆಡಬಾರದು ಎಂದು ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದರು. ಆದರೆ ಆತ ಬಾನೆಟ್ ಎತ್ತಿ ಹೇಳಿದ ಒಂದು ಮಾತು ನಿನ್ನ ಮನಸ್ಸಿನಲ್ಲಿ ನಾಟಿದ್ದನ್ನು ನಾನು ನೋಡಿದೆ. ‘ಇದು 1980ರ ಕ್ಯಾಲಿಫೋರ್ನಿಯಾ ಗಾಡಿ, ಕಾನೂನು ಇದರ ಕತ್ತು ಹಿಸುಕಿದೆ. ಕೆಳಗಿನ ಆ ಡಬ್ಬ, ಮೇಲಿನ ಈ ವಾಲ್ವು ಕಿತ್ತು ಬಿಸಾಕಿದರೆ ಐವತ್ತು ಕುದುರೆ ವಾಪಸ್ ಬರುತ್ತವೆ’ ಎಂದ. ಮನೆಗೆ ಬರುವ ದಾರಿಯುದ್ದಕ್ಕೂ ನೀನು ಆ ಐವತ್ತು ಕುದುರೆಗಳ ಲೆಕ್ಕದಲ್ಲೇ ಇದ್ದೆ. ದೊಡ್ಡಪ್ಪನಾಗಿ ಹೇಳಬೇಕಾದ್ದನ್ನು ಇಲ್ಲಿ ಬರೆದಿದ್ದೇನೆ. ಮುಂಗಡ ಕೊಡುವ ಮುಂಚೆ ಒಮ್ಮೆ ಓದು.

ಆತ ಹೇಳಿದ್ದರಲ್ಲಿ ಅರ್ಧ ನಿಜ. ಆ ವರ್ಷ ಉಳಿದ ರಾಜ್ಯಗಳಲ್ಲಿ ಕಾರ್ವೆಟ್ ಕೊಳ್ಳುವವರಿಗೆ 5.7 ಲೀಟರ್ ಇಂಜಿನ್ ಸಿಗುತ್ತಿತ್ತು. ಸಾದಾದ್ದಕ್ಕೆ 190 ಕುದುರೆ, ಹೆಚ್ಚು ದುಡ್ಡು ಕೊಟ್ಟರೆ 230. ಕ್ಯಾಲಿಫೋರ್ನಿಯಾದವರಿಗೆ ಮಾತ್ರ ಆಯ್ಕೆಯೇ ಇರಲಿಲ್ಲ. 5 ಲೀಟರಿನ ಚಿಕ್ಕ ಇಂಜಿನ್, 180 ಕುದುರೆ, ಅದೂ ಆಟೊಮ್ಯಾಟಿಕ್ ಗೇರಿನಲ್ಲಿ ಮಾತ್ರ. ರಾಜ್ಯದ ಹೊಗೆ ನಿಯಮ ದಾಟಿಸಲು ದೊಡ್ಡ ಇಂಜಿನ್ ಅನ್ನು ಇಲ್ಲಿಗೆಂದೇ ಬೇರೆಯಾಗಿ ಪರೀಕ್ಷೆಗೆ ಒಡ್ಡುವ ಗೋಜು ಬೇಡವೆಂದು ಕಂಪನಿ ತನ್ನ ಇನ್ನೊಂದು ಇಂಜಿನ್ ತಂದು ಕೂರಿಸಿತು. ಒಂದೇ ದೇಶ, ಒಂದೇ ಹೆಸರಿನ ಕಾರು, ಗಡಿ ದಾಟಿದರೆ ಬೇರೆ ಹೃದಯ. ಕೊಂಡವರಿಗೆ ಹೊಟ್ಟೆ ಉರಿದದ್ದರಲ್ಲಿ ತಪ್ಪಿಲ್ಲ.

ಆದರೂ ಲೆಕ್ಕ ನೋಡು. ಸಾದಾ ಇಂಜಿನ್‌ಗೂ ಇದಕ್ಕೂ ವ್ಯತ್ಯಾಸ ಹತ್ತೇ ಕುದುರೆ. ಮುಕ್ಕಾಲು ಲೀಟರ್ ಚಿಕ್ಕ ಇಂಜಿನ್ ಅಷ್ಟು ಹತ್ತಿರಕ್ಕೆ ಬಂದದ್ದು ಹೇಗೆ? ಅದಕ್ಕೆ ಉಕ್ಕಿನ ಕೊಳವೆಯ ಒಳ್ಳೆಯ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೊಟ್ಟಿದ್ದರು. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಮೂಸಿ ನೋಡಿ ಕಾರ್ಬೊರೇಟರ್ ತಿದ್ದುವ ಪುಟ್ಟ ಕಂಪ್ಯೂಟರ್ ಇಟ್ಟಿದ್ದರು. ಆತ ಬೈದ ಆ ಕಾನೂನೇ ಆ ಕಂಪ್ಯೂಟರನ್ನೂ ತಂದದ್ದು. ಇದನ್ನು ಮನಸ್ಸಿನಲ್ಲಿಟ್ಟುಕೋ.

ಇನ್ನೊಂದು ಸಂಗತಿ, ಹಳೇ ಗಾಡಿಯ ಹುಚ್ಚಿನವರು ಯಾವಾಗಲೂ ಮರೆಯುವಂಥದ್ದು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಇಂಜಿನ್‌ಗಳು ನೆಲಕಚ್ಚಿದವು ಎಂದು ಅವರು ಕ್ಯಾಡಿಲಾಕ್‌ನ 8.2 ಲೀಟರ್ ಇಂಜಿನ್ ತೋರಿಸುತ್ತಾರೆ. 1970ರಲ್ಲಿ 400 ಕುದುರೆ, 1976ರಲ್ಲಿ 190. ಕೇಳಿದರೆ ಎದೆ ಒಡೆಯುತ್ತದೆ. ಆದರೆ ನಡುವೆ 1972ರಲ್ಲಿ ಅಳತೆಗೋಲೇ ಬದಲಾಯಿತು. ಅದಕ್ಕೆ ಮುಂಚೆ ಇಂಜಿನ್ ಅನ್ನು ಮೇಜಿನ ಮೇಲೆ ಬೆತ್ತಲೆ ನಿಲ್ಲಿಸಿ ಅಳೆಯುತ್ತಿದ್ದರು. ಏರ್ ಫಿಲ್ಟರ್ ಇಲ್ಲ, ಸೈಲೆನ್ಸರ್ ಇಲ್ಲ, ಫ್ಯಾನ್ ಇಲ್ಲ, ಡೈನಮೋ ಹೊರೆ ಇಲ್ಲ. ಆಮೇಲೆ ಗಾಡಿಯಲ್ಲಿ ಕೂತ ಹಾಗೆಯೇ, ಎಲ್ಲ ಹೊರೆ ಹೊರಿಸಿ ಅಳೆಯತೊಡಗಿದರು. ಕ್ಯಾಡಿಲಾಕ್‌ನ ಅದೇ ಇಂಜಿನ್ 1971ರಲ್ಲಿ 365 ಇದ್ದದ್ದು 1972ರ ಕಾಗದದಲ್ಲಿ 235 ಆಯಿತು. ಆ ಇಳಿತದ ಬಹುಪಾಲು ಅಳತೆಯದು, ಇಂಜಿನ್ನಿನದಲ್ಲ. ಹೊಗೆ ಕಾನೂನು ತಿಂದದ್ದು ನಿಜವಾಗಿ ಎಷ್ಟು, ತೂಕದ ಬಟ್ಟು ಬದಲಾಗಿ ಕಡಿಮೆ ಕಂಡದ್ದು ಎಷ್ಟು ಎಂದು ಬೇರೆ ಮಾಡದೆ ಮಾತಾಡುವುದು ಅನ್ಯಾಯ.

ಕಾನೂನು ತಿಂದದ್ದೂ ಉಂಟು. ಎಲ್ಲಿ ಹೇಗೆ ತಿಂದಿತು ಎಂದು ನಿನಗೆ ಗೊತ್ತಿದ್ದರೆ ಯಾರೂ ನಿನ್ನನ್ನು ಯಾಮಾರಿಸಲಾರರು. ಮೊದಲು ಪೆಟ್ಟು ಬಿದ್ದದ್ದು ಕಂಪ್ರೆಷನ್ನಿಗೆ. ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದ ಕಾಲದಲ್ಲಿ ಹನ್ನೊಂದಕ್ಕೆ ಒಂದರಷ್ಟು ಒತ್ತಿದರೂ ಇಂಜಿನ್ ನಾಕ್ ಹೊಡೆಯುತ್ತಿರಲಿಲ್ಲ. ಸೀಸ ಕಡಿಮೆಯಾಗಲಿದೆ ಎಂದು ತಿಳಿದು ಕಂಪನಿಗಳು 1971ರಲ್ಲೇ ಕಂಪ್ರೆಷನ್ ಇಳಿಸಿದವು. ನೀನು ನೋಡಿದ ಗಾಡಿಯದು ಎಂಟೂವರೆಯ ಆಸುಪಾಸು. ಎರಡನೆಯದು ಟೈಮಿಂಗ್. ಕಿಡಿಯನ್ನು ತುಸು ತಡವಾಗಿ ಹಾರಿಸಿದರೆ ಹೊಗೆ ಬಿಸಿಯಾಗಿಯೇ ಹೊರಬಿದ್ದು ಉಳಿದ ಪೆಟ್ರೋಲ್ ಪೈಪಿನಲ್ಲೇ ಉರಿದುಹೋಗುತ್ತದೆ. ಹೊಗೆ ಚೊಕ್ಕಟ, ಪಿಕಪ್ ಮಂಕು. ಆಮೇಲೆ ಕ್ಯಾಮ್ ಶಾಫ್ಟನ್ನೂ ಸೌಮ್ಯ ಮಾಡಿದರು. ಹೊಗೆಗೆ ತಾಜಾ ಗಾಳಿ ಊದುವ ಪಂಪನ್ನು ಬೆಲ್ಟಿಗೆ ಕಟ್ಟಿದರು, ಅದು ಒಂದೋ ಎರಡೋ ಕುದುರೆ ತಿನ್ನುತ್ತದೆ. 1975ರಿಂದ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, ಆತ ಕೀಳು ಎಂದ ಡಬ್ಬ ಅದೇ. ಆ ಕಾಲದ್ದರಲ್ಲಿ ಒಳಗೆ ಲೋಹ ಲೇಪಿಸಿದ ಗುಂಡುಗಳನ್ನು ತುಂಬಿರುತ್ತಿದ್ದರು, ಹೊಗೆ ಅದರೊಳಗಿಂದ ನುಸುಳಿ ಬರಬೇಕಿತ್ತು.

ಆತ ಕಿತ್ತುಹಾಕು ಎಂದ ವಾಲ್ವಿಗೆ ಈಗ ಬರುತ್ತೇನೆ. ಅದರ ಹೆಸರು ಇಜಿಆರ್. ಉರಿದ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಸಿಲಿಂಡರಿಗೆ ಕಳಿಸುವುದು ಅದರ ಕೆಲಸ. ಉರಿದು ಮುಗಿದ ಹೊಗೆ ಮತ್ತೆ ಉರಿಯದು, ಜಾಗ ಹಿಡಿದು ಶಾಖ ಹೀರಿಕೊಳ್ಳುತ್ತದೆ. ಬೆಂಕಿ ತಣ್ಣಗಾದರೆ ನೈಟ್ರೋಜನ್ ಆಕ್ಸೈಡ್ ಹುಟ್ಟುವುದು ತಗ್ಗುತ್ತದೆ. ಆ ವಾಲ್ವನ್ನು ತೆರೆಯುವುದು ಇಂಜಿನ್ನಿನ ವ್ಯಾಕ್ಯೂಮ್. ನೀನು ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ವ್ಯಾಕ್ಯೂಮ್ ಬಿದ್ದುಹೋಗುತ್ತದೆ, ವಾಲ್ವು ತಾನೇ ಮುಚ್ಚಿಕೊಳ್ಳುತ್ತದೆ. ಪೂರ್ತಿ ಶಕ್ತಿ ಬೇಕಾದ ಹೊತ್ತಿನಲ್ಲಿ ಅದು ಕೆಲಸವನ್ನೇ ಮಾಡುತ್ತಿರುವುದಿಲ್ಲ! ಕೆಲಸ ಮಾಡದ್ದನ್ನು ಕಿತ್ತರೆ ಎಲ್ಲಿಂದ ಬರಬೇಕು ಕುದುರೆ? ಕಿತ್ತಮೇಲೆ ಸಾಧಾರಣ ಓಟದಲ್ಲಿ ಬೆಂಕಿ ಬಿಸಿಯಾಗಿ ನಾಕ್ ಶುರುವಾಗುತ್ತದೆ. ಆಗ ಟೈಮಿಂಗ್ ಹಿಂದಕ್ಕೆ ತಳ್ಳಬೇಕು, ಇದ್ದದ್ದೂ ಹೋಗುತ್ತದೆ. ಈ ಒಂದು ವಿಷಯ ಮೂವತ್ತೆಂಟು ವರ್ಷದ ನನ್ನ ಕೆಲಸದಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ. ಗಾಡಿಯ ಶಕ್ತಿ ಹೋದದ್ದು ಕಂಪ್ರೆಷನ್ನಿನಲ್ಲಿ, ಕ್ಯಾಮಿನಲ್ಲಿ, ಟೈಮಿಂಗಿನಲ್ಲಿ. ಜನ ಕೀಳುವುದು ಕಣ್ಣಿಗೆ ಕಾಣುವ ವಾಲ್ವು, ಕೈಗೆ ಸಿಗುವ ಡಬ್ಬ.

ಈ ರಾಜ್ಯ ಯಾಕೆ ಹೀಗೆ ಹಟ ಹಿಡಿಯಿತು ಎಂದು ನೀನು ಕೇಳಿದೆಯಲ್ಲ. 1943ರ ಜುಲೈಯಲ್ಲಿ ಒಂದು ದಿನ ಲಾಸ್ ಏಂಜಲೀಸ್‌ನ ಮೇಲೆ ಕಣ್ಣುರಿಸುವ ಮಬ್ಬು ಎಷ್ಟು ದಟ್ಟವಾಗಿ ಇಳಿಯಿತೆಂದರೆ, ಯುದ್ಧದ ಕಾಲ ಬೇರೆ, ಜಪಾನಿನವರು ವಿಷಾನಿಲ ಬಿಟ್ಟರು ಎಂದು ಜನ ಹೆದರಿದರು. ಮೂರು ಕಡೆ ಬೆಟ್ಟ, ಒಂದು ಕಡೆ ಸಮುದ್ರ, ಮೇಲೆ ಮುಚ್ಚಳದ ಹಾಗೆ ಬಿಸಿಗಾಳಿಯ ಪದರ. ಊರೇ ಒಂದು ಮುಚ್ಚಿದ ಪಾತ್ರೆ. ಕಾರಣ ಏನೆಂದು ವರ್ಷಗಟ್ಟಲೆ ಗೊತ್ತಾಗಲಿಲ್ಲ. ಹುಡುಕಿದವರು ಆರಿ ಹಾಗೆನ್-ಸ್ಮಿತ್, ಪ್ಯಾಸಡೀನಾದ ಕ್ಯಾಲ್‌ಟೆಕ್ ಸಂಸ್ಥೆಯ ಜೀವರಸಾಯನ ಪ್ರಾಧ್ಯಾಪಕರು, ಹುಟ್ಟಿನಿಂದ ಡಚ್ಚರು. ಅವರು ಅಲ್ಲಿಯತನಕ ಮಾಡುತ್ತಿದ್ದುದು ಅನಾನಸ್ ಹಣ್ಣಿನ ಪರಿಮಳದ ಸಂಶೋಧನೆ. ಹಣ್ಣಿನ ಗಂಧವನ್ನು ತಣ್ಣಗೆ ಮಾಡಿ ಹನಿಯಾಗಿ ಇಳಿಸುವ ಅದೇ ಉಪಕರಣಕ್ಕೆ ಊರಿನ ಗಾಳಿಯನ್ನು ಹಾಯಿಸಿದರು. ಸಿಕ್ಕಿದ್ದು ಕೆಟ್ಟ ವಾಸನೆಯ ಕಂದು ದ್ರವದ ಕೆಲವು ಹನಿ. ಕಾರು, ತೈಲ ಸಂಸ್ಕರಣ ಘಟಕಗಳಿಂದ ಬಂದ ಉರಿಯದ ಪೆಟ್ರೋಲಿನ ಆವಿ, ನೈಟ್ರೋಜನ್ ಆಕ್ಸೈಡ್ ಎರಡೂ ಬಿಸಿಲಿನಲ್ಲಿ ಬೆಂದು ಓಝೋನ್ ಆಗುತ್ತವೆ ಎಂದು ಅವರು ತೋರಿಸಿಕೊಟ್ಟರು. ಓಝೋನ್ ಅಳೆಯಲು ಬಳಸಿದ್ದು ರಬ್ಬರಿನ ತುಂಡು. ಬಗ್ಗಿಸಿ ಇಟ್ಟರೆ ಎಷ್ಟು ಬೇಗ ಬಿರುಕು ಬಿಡುತ್ತದೆ ಎಂದು ನೋಡುತ್ತಿದ್ದರು. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ ಮಗೂ. ರಬ್ಬರನ್ನೇ ಸೀಳುವ ಗಾಳಿ ಮಗುವಿನ ಎದೆಯೊಳಗೆ ಏನು ಮಾಡಬೇಡ!

ಆಮೇಲಿನದ್ದು ಬೇಗ ಹೇಳುತ್ತೇನೆ. 1966ರ ಮಾದರಿಯಿಂದ ಇಲ್ಲಿ ಸೈಲೆನ್ಸರ್ ಹೊಗೆಗೆ ಮಿತಿ ಬಂತು, ದೇಶದಲ್ಲೇ ಮೊದಲು. 1967ರಲ್ಲಿ ಗವರ್ನರ್ ರೊನಾಲ್ಡ್ ರೀಗನ್ ಸಹಿ ಹಾಕಿದ ಕಾಯ್ದೆಯಿಂದ ವಾಯು ಸಂಪನ್ಮೂಲ ಮಂಡಳಿ ಹುಟ್ಟಿತು, ಹಾಗೆನ್-ಸ್ಮಿತ್ ಅದರ ಮೊದಲ ಅಧ್ಯಕ್ಷರಾದರು. ಈ ರಾಜ್ಯ ಮೊದಲೇ ಶುರು ಮಾಡಿತ್ತಾದ್ದರಿಂದ, ಕೇಂದ್ರದ ನಿಯಮಕ್ಕಿಂತ ಬಿಗಿಯಾದ ನಿಯಮವನ್ನು ಅನುಮತಿ ಪಡೆದು ಮಾಡಿಕೊಳ್ಳುವ ಅವಕಾಶ ಕೇಂದ್ರ ಕಾಯ್ದೆಯಲ್ಲೇ ಸಿಕ್ಕಿತು. ಬೇರೆ ರಾಜ್ಯಗಳು ಬೇಕಾದರೆ ಇದನ್ನೇ ಅನುಸರಿಸಬಹುದು, ತಮ್ಮದೇ ಮೂರನೆಯದನ್ನು ಹುಟ್ಟಿಸುವಂತಿಲ್ಲ.

ಕಂಪನಿಗಳು ಆಗ ಆಗುವುದಿಲ್ಲ, ಹೋಗುವುದಿಲ್ಲ ಎಂದು ಕೂಗಿದವು. ಜಪಾನಿನ ಹೋಂಡಾದವರು ಸಿವಿಸಿಸಿ ಎಂಬ ಇಂಜಿನ್ ಮಾಡಿ ಕನ್ವರ್ಟರ್ ಇಲ್ಲದೆಯೇ ನಿಯಮ ದಾಟಿಸಿ ತೋರಿಸಿದರು. ಸಿಲಿಂಡರಿನ ಪಕ್ಕ ಒಂದು ಪುಟ್ಟ ಗೂಡು, ಅದರಲ್ಲಿ ಪೆಟ್ರೋಲ್ ಹೆಚ್ಚಿರುವ ಮಿಶ್ರಣಕ್ಕೆ ಕಿಡಿ, ಆ ಬೆಂಕಿಯಿಂದ ಉಳಿದ ತೆಳು ಮಿಶ್ರಣಕ್ಕೆ ಉರಿ. ಗಾಡಿಯ ಬಾಯಿಗೆ ಬಟ್ಟೆ ಕಟ್ಟದೆ ಉರಿಯುವ ರೀತಿಯನ್ನೇ ಬದಲಿಸಿದರು. 1977ರ ಮಾದರಿಯಲ್ಲಿ ವೋಲ್ವೋದವರು ಕ್ಯಾಲಿಫೋರ್ನಿಯಾಕ್ಕೆಂದೇ ಆಮ್ಲಜನಕದ ಸೆನ್ಸರ್, ಉರಿಯದ ಪೆಟ್ರೋಲ್, ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಆಕ್ಸೈಡ್ ಎಂಬ ಮೂರು ವಿಷಗಳನ್ನೂ ಒಟ್ಟಿಗೆ ಕೊಲ್ಲುವ ಕನ್ವರ್ಟರ್ ಇಟ್ಟು ಕಾರು ತಂದರು. ಅಲ್ಲಿಂದ ದಾರಿ ತೆರೆಯಿತು. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಲೆಕ್ಕವನ್ನು ಕಂಪ್ಯೂಟರ್ ಕ್ಷಣಕ್ಷಣಕ್ಕೂ ಹಿಡಿದಿಟ್ಟರೆ ಟೈಮಿಂಗನ್ನು ಹಿಂದೆ ತಳ್ಳಿ ಇಂಜಿನ್ನಿನ ಜೀವ ಹಿಂಡುವ ಅಗತ್ಯವೇ ಇಲ್ಲ. ಅದೇ ಕಾರ್ವೆಟ್ 2020ರಲ್ಲಿ 490 ಕುದುರೆ ಇಟ್ಟುಕೊಂಡು ಬಂತು, 1980ಕ್ಕಿಂತ ಎಷ್ಟೋ ಪಟ್ಟು ಬಿಗಿಯಾದ ನಿಯಮ ದಾಟಿಕೊಂಡು, ಇದೇ ಕ್ಯಾಲಿಫೋರ್ನಿಯಾದಲ್ಲಿ. 2007ರ ಕ್ಯಾಮ್ರಿಯನ್ನು ನೋಡು, ಇಲ್ಲಿನ ಅತಿ ಚೊಕ್ಕಟ ಮಾದರಿಗೆ 155 ಕುದುರೆ, ಬೇರೆ ಕಡೆಯದಕ್ಕೆ 158. ಹತ್ತಾರು ಕುದುರೆಯ ಜಗಳ ಮೂರಕ್ಕೆ ಇಳಿದಿತ್ತು. ಊರಿನಲ್ಲಿ ನಿಮ್ಮಪ್ಪನ ಬುಲೆಟ್ ಕಥೆಯೂ ಅದೇ ತಾನೇ. 2020ರಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ಕ್ಲಾಸಿಕ್ 350ಗೆ 19.8 ಇದ್ದದ್ದು 19.1 ಆಯಿತೆಂದು ಫೋನಿನಲ್ಲಿ ಅರ್ಧ ಗಂಟೆ ಗೊಣಗಿದ. ಈಗ ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯದೆ ಸ್ಟಾರ್ಟ್ ಆಗುವುದನ್ನು ಅವನೇ ಬಂದವರಿಗೆಲ್ಲ ತೋರಿಸುತ್ತಾನೆ.

ಕಾನೂನಿಗೆ ಬಗ್ಗದೆ ಬಗ್ಗಿದ ಹಾಗೆ ನಟಿಸಿದವರೂ ಇದ್ದಾರೆ. ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಕಥೆ 2015ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಪರೀಕ್ಷೆಯ ಉರುಳೆಗಳ ಮೇಲೆ ನಿಂತಾಗ ಕಾರಿಗೆ ತಿಳಿಯುತ್ತಿತ್ತು, ಆಗ ಸಾಧು. ರಸ್ತೆಗೆ ಇಳಿದ ಕೂಡಲೇ ನೈಟ್ರೋಜನ್ ಆಕ್ಸೈಡ್ ಮಿತಿಯ 40 ಪಟ್ಟಿನವರೆಗೂ ಉಗುಳುತ್ತಿತ್ತು. ರಸ್ತೆಯ ಮೇಲೆ ಓಡುತ್ತಲೇ ಹೊಗೆ ಅಳೆದು ಆ ವ್ಯತ್ಯಾಸವನ್ನು ಮೊದಲು ಹಿಡಿದದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಚಿಕ್ಕ ತಂಡ. ಅದರಲ್ಲಿ ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಅವರೂ ಒಬ್ಬರು. ಆ ಹೆಸರನ್ನು ಮೊದಲು ಓದಿದಾಗ ನನಗಾದ ಹೆಮ್ಮೆಯನ್ನು ನಿನಗೆ ಹೇಗೆ ಹೇಳಲಿ! ಕನ್ವರ್ಟರ್ ಕಿತ್ತು, ತಪಾಸಣೆಯ ದಿನಕ್ಕೆ ಮತ್ತೆ ಸಿಕ್ಕಿಸಿ, ಸರ್ಟಿಫಿಕೇಟ್ ಪಡೆದು ಮಾರನೇ ದಿನ ಬಿಚ್ಚಿಡುವ ಉಪಾಯವನ್ನೂ ಆ ಕಾರ್ವೆಟ್ ಮಾರುವವನು ನಿನಗೆ ಹೇಳಿದ. ದೊಡ್ಡ ಕಂಪನಿ ಮಾಡಿದ್ದೂ ಅದನ್ನೇ, ಕೋಟಿ ಲೆಕ್ಕದ ಗಾಡಿಗಳಲ್ಲಿ.

ಹೊಗೆಯ ವಿಷಯ ನನಗೆ ಪುಸ್ತಕದಿಂದಷ್ಟೇ ಬಂದದ್ದಲ್ಲ. ಮೈಸೂರಿನ ನಮ್ಮ ಶೆಡ್ಡಿನಲ್ಲಿ ಯೆಜ್ಡಿ, ಜಾವಾಗಳ ನೀಲಿ ಹೊಗೆ ಕುಡಿದೇ ನಾನು ಕೆಲಸ ಕಲಿತೆ. ಆ ವಾಸನೆ ಈಗಲೂ ಇಷ್ಟವೇ, ಸುಳ್ಳು ಹೇಳುವುದಿಲ್ಲ. ಎಂಬತ್ತರ ದಶಕದ ಒಂದು ಡಿಸೆಂಬರ್ ಬೆಳಿಗ್ಗೆ, ಚಳಿ ಎಂದು ಶಟರ್ ಮುಕ್ಕಾಲು ಇಳಿಸಿ ಒಂದು ಅಂಬಾಸಿಡರ್‌ಗೆ ಟೈಮಿಂಗ್ ಇಡುತ್ತಿದ್ದೆ. ಗಾಡಿ ಐಡ್ಲಿಂಗಿನಲ್ಲಿತ್ತು. ಹಿಂದೆ ಕೂತು ಬ್ರೇಕ್ ಶೂ ಉಜ್ಜುತ್ತಿದ್ದ ಹದಿನಾಲ್ಕು ವರ್ಷದ ಹುಡುಗ ತಲೆನೋವು ಎಂದ. ಟೀ ಕುಡಿದು ಬಾ ಎಂದೆ. ಎದ್ದವನು ಎರಡು ಹೆಜ್ಜೆ ಇಟ್ಟು ಕುಸಿದ. ಕೈಯಲ್ಲಿದ್ದ ಸ್ಯಾಂಡ್ ಪೇಪರ್ ಬಿಟ್ಟಿರಲಿಲ್ಲ. ಎತ್ತಿಕೊಂಡು ಹೊರಗೆ ಓಡಿ ಹೊಂಗೆ ಮರದ ಕೆಳಗೆ ಮಲಗಿಸಿ ಗಾಳಿ ಬೀಸಿದೆವು. ಕಣ್ಣು ಬಿಡುವ ತನಕ ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ, ನನಗದು ಒಂದು ವರ್ಷ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹುಡುಗ ಬದುಕಿದ, ಈಗ ಅವನಿಗೆ ಮೊಮ್ಮಕ್ಕಳಿದ್ದಾರೆ. ಆದರೆ ಅಂದಿನಿಂದ ಇವತ್ತಿನ ತನಕ ಯಾವ ಗಾಡಿಯ ಸೈಲೆನ್ಸರ್ ಬಾಯಿ ನೋಡಿದರೂ ಅದರ ಮುಂದೆ ಆ ಹುಡುಗ ಕೂತಿದ್ದಾನೆ ಅನ್ನಿಸುತ್ತದೆ.

ನಿನ್ನ ಮಗಳಿಗೆ ಆರು ವರ್ಷ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಲಾಸ್ ಏಂಜಲೀಸ್ ಸುತ್ತಿನ ಐದು ಊರುಗಳ ಮಕ್ಕಳ ಶ್ವಾಸಕೋಶವನ್ನು 1994ರಿಂದ 2011ರವರೆಗೆ ಮೂರು ತಂಡಗಳಲ್ಲಿ ಅಳೆದರು. ಹದಿನೈದನೇ ವಯಸ್ಸಿಗೆ ಶ್ವಾಸಕೋಶದ ಶಕ್ತಿ ಚಿಂತೆ ಪಡುವಷ್ಟು ಕಡಿಮೆಯಿದ್ದ ಮಕ್ಕಳು ಮೊದಲ ತಂಡದಲ್ಲಿ ನೂರಕ್ಕೆ 7.9, ಕೊನೆಯ ತಂಡದಲ್ಲಿ 3.6. ಆ ವರ್ಷಗಳಲ್ಲಿ ಅಲ್ಲಿ ಬದಲಾದದ್ದು ಗಾಳಿ. ಕಾರಿನ ಕುದುರೆ ಎಣಿಸುವಾಗ ಈ ಲೆಕ್ಕವನ್ನೂ ಪಕ್ಕದಲ್ಲಿ ಬರೆದುಕೋ.

ಹಾಗಾದರೆ ಆ ಗಾಡಿ ಬೇಡವೇ? ಬೇಡ ಅನ್ನುತ್ತಿಲ್ಲ ಕಣಪ್ಪ. ನನಗೂ ಇಷ್ಟವಾಯಿತು. ಆ ಗಾಡಿ ಈಗ ಇಷ್ಟು ಮಂಕಾಗಿರುವುದು ಕಾನೂನಿಗಿಂತ ಹೆಚ್ಚಾಗಿ ನಲವತ್ತು ದಾಟಿದ ವಯಸ್ಸಿನಿಂದ. ಮ್ಯಾನಿಫೋಲ್ಡಿನ ಹಿಂದೆ ಹೋಗುವ ವ್ಯಾಕ್ಯೂಮ್ ಪೈಪು ಬೆರಳಲ್ಲಿ ಒತ್ತಿ ನೋಡಿದೆ, ಒಣಗಿದ ಹುರುಳಿಕಾಯಿಯ ಹಾಗೆ ಚಟ್ ಎಂದಿತು. ಒಂದು ಪೈಪು ಸೋರಿದರೆ ಸಾಕು, ಮಿಶ್ರಣ ತೆಳುವಾಗಿ ಪಿಕಪ್ ಸಾಯುತ್ತದೆ. ಐಡ್ಲಿಂಗಿನಲ್ಲಿ ಗಾಡಿ ಕುಣಿಯುತ್ತಿತ್ತು, ಇಜಿಆರ್ ವಾಲ್ವು ಮಸಿ ಹಿಡಿದು ಅರ್ಧ ತೆರೆದೇ ನಿಂತಿರಬಹುದು. ಕೀಳುವ ಬದಲು ಬಿಚ್ಚಿ ತೊಳೆದು ಹಾಕು. ಕನ್ವರ್ಟರನ್ನು ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಒಳಗೆ ಏನು ನಡೆದಿದೆ ಎಂದು ತಿಳಿಯುತ್ತದೆ. ವ್ಯಾಕ್ಯೂಮ್ ಗೇಜ್ ಹಾಕಿ ಇಂಜಿನ್ ಅನ್ನು 2500 ಸುತ್ತಿನಲ್ಲಿ ಹಿಡಿದಾಗ ಮುಳ್ಳು ನಿಂತಲ್ಲಿ ನಿಲ್ಲದೆ ಮೆಲ್ಲಮೆಲ್ಲಗೆ ಇಳಿಯುತ್ತಾ ಹೋದರೆ ಡಬ್ಬ ಕಟ್ಟಿಕೊಂಡಿದೆ ಎಂದರ್ಥ. ಕಟ್ಟಿದ್ದರೆ ಹೊಸದು ಹಾಕಿಸು, ವಾಯು ಸಂಪನ್ಮೂಲ ಮಂಡಳಿಯ ಒಪ್ಪಿಗೆ ಸಂಖ್ಯೆ ಕೆತ್ತಿರುವಂಥದ್ದನ್ನೇ. ಈಗಿನದರಲ್ಲಿ ಗುಂಡುಗಳಿಲ್ಲ, ಜೇನುಗೂಡಿನ ಹಾಗೆ ನೇರ ತೂತುಗಳು. ಹಳೇ ಡಬ್ಬ ಕಿತ್ತು ಖಾಲಿ ಪೈಪು ಹಾಕಿದರೆ ಸಿಗಬಹುದಾದ ಸುಖದ ಬಹುಪಾಲು ಇದರಲ್ಲೇ ಸಿಗುತ್ತದೆ.

ಅಷ್ಟು ಮಾಡಿಯೂ ಇನ್ನೂ ಕುದುರೆ ಬೇಕೆಂದರೆ ದಾರಿಯಿದೆ. ಅದೇ ವರ್ಷದ ಅಥವಾ ಅದಕ್ಕಿಂತ ಹೊಸ ವರ್ಷದ ಇಂಜಿನ್ ಕೂರಿಸಬಹುದು, ಅದರ ಹೊಗೆ ನಿಯಂತ್ರಣದ ಸಾಮಾನು ಒಂದೂ ಬಿಡದೆ. ಆಮೇಲೆ ರಾಜ್ಯದ ರೆಫರಿ ಎಂಬ ತಪಾಸಕರ ಹತ್ತಿರ ಒಯ್ದು ತೋರಿಸಿದರೆ ಬಾಗಿಲ ಚೌಕಟ್ಟಿಗೆ ಚೀಟಿ ಅಂಟಿಸಿಕೊಡುತ್ತಾರೆ. ಖರ್ಚು ಹೆಚ್ಚು, ಆದರೆ ಗಾಡಿ ಬೇಗವೂ ಆಗುತ್ತದೆ, ಚೊಕ್ಕಟವೂ ಆಗುತ್ತದೆ.

1975 ಅಥವಾ ಅದಕ್ಕೂ ಹಿಂದಿನ ಮಾದರಿಯಾದರೆ ಸ್ಮಾಗ್ ತಪಾಸಣೆಯಿಲ್ಲ, ಇದು ಅದರ ಆಚೆಯದು. ಎರಡು ವರ್ಷಕ್ಕೊಮ್ಮೆ ಉರುಳೆಗಳ ಮೇಲೆ ಗಂಟೆಗೆ 15 ಮೈಲಿ, 25 ಮೈಲಿ ವೇಗದಲ್ಲಿ ಓಡಿಸಿ ನೋಡುತ್ತಾರೆ. ಸಾಮಾನೆಲ್ಲ ಜಾಗದಲ್ಲಿದೆಯೇ ಎಂದೂ ಬಾನೆಟ್ ಕೆಳಗೆ ಬಗ್ಗಿ ಎಣಿಸುತ್ತಾರೆ. ಮಾರುವಾಗ ಸರ್ಟಿಫಿಕೇಟ್ ಕೊಡಬೇಕಾದ್ದು ಮಾರುವವನ ಹೊಣೆ, ಕೊಳ್ಳುವವನದಲ್ಲ. ಅದು 90 ದಿನ ಮಾತ್ರ ಊರ್ಜಿತ. ಅದರ ಮಾತೆತ್ತಿದಾಗ ಆತ ಬೇರೆ ವಿಷಯಕ್ಕೆ ಹಾರಿದ್ದನ್ನು ನೀನು ಗಮನಿಸಲಿಲ್ಲ, ನಾನು ಗಮನಿಸಿದೆ. ಅದನ್ನು ಕೈಗೆ ಕೊಡುವ ತನಕ ಒಂದು ಡಾಲರ್ ಕೂಡ ಬಿಚ್ಚಬೇಡ. ಬಾನೆಟ್ ಒಳಗೆ ಅಂಟಿಸಿರುವ ಚೀಟಿಯಲ್ಲಿ ಕ್ಯಾಲಿಫೋರ್ನಿಯಾ ನಿಯಮಕ್ಕೆ ಹೊಂದುತ್ತದೆ ಎಂಬ ಬರಹ ಇದೆಯೇ ಎಂದು ಓದು, ಮಸುಕಾಗಿದ್ದರೆ ಫೋಟೋ ತೆಗೆದುಕೊಂಡು ನನಗೆ ತೋರಿಸು.

ಮುಂದಿನ ಭಾನುವಾರ ಮತ್ತೆ ಹೋಗೋಣ. ಬರುವಾಗ ಒಂದು ವ್ಯಾಕ್ಯೂಮ್ ಗೇಜ್, ಕಂಪ್ರೆಷನ್ ಗೇಜ್, ಒಂದು ರಬ್ಬರ್ ಸುತ್ತಿಗೆ, ನಾಲ್ಕು ಗಜ ಹೊಸ ವ್ಯಾಕ್ಯೂಮ್ ಪೈಪು ತಂದಿರು. ಎಂಟು ಸಿಲಿಂಡರಿನ ಪ್ಲಗ್ಗೂ ಬಿಚ್ಚಿ ನೋಡಬೇಕು, ಅರ್ಧ ದಿನ ಹಿಡಿಯುತ್ತದೆ, ನಿನ್ನ ಹೆಂಡತಿಗೆ ಮೊದಲೇ ಹೇಳಿಬಿಡು. ಮಗಳನ್ನೂ ಕರೆದುಕೊಂಡು ಬಾ, ಆದರೆ ಇಂಜಿನ್ ಓಡುವಾಗ ಅವಳು ಗಾಳಿ ಬರುವ ಕಡೆ ನಿಂತಿರಲಿ.